ಸ್ಯಾಂಡಿಯ ಎಡಗೈ

ಹಾಡು ಕೇಳುವವರಲ್ಲಿ ನಾನಾ ಬಗೆ. ಕೆಲವರ ಕಿವಿ ಸಾಹಿತ್ಯದ ಮೇಲೆ, ಕೆಲವರದು ದನಿಯ ಮೇಲೆ, ಇನ್ನು ಕೆಲವರದು ತಾಳದ ಮೇಲೆ. ಪಿಯಾನೊ ಇರುವ ಹಾಡಾದರೆ ನನ್ನ ಕಿವಿ ತಾನಾಗಿ ಎಡಗೈ ಕಡೆ ಹೋಗುತ್ತದೆ. ಬಲಗೈಯ ಸಿಂಗಾರ ಯಾರಿಗಾದರೂ ಕೇಳುತ್ತದೆ. ಕೆಳಗಿನ ಸ್ಥಾಯಿಯಲ್ಲಿ ಎಡಗೈ ಒಂದು ಸ್ವರವನ್ನು ಎಷ್ಟು ಹೊತ್ತು ಹಿಡಿದಿದೆ, ಎಲ್ಲಿ ಬಿಟ್ಟಿದೆ, ಹಾಡುವವರಿಗೆ ಎಷ್ಟು ಜಾಗ ಕೊಟ್ಟಿದೆ ಎಂಬುದನ್ನು ಮಾತ್ರ ಹುಡುಕಿಕೊಂಡೇ ಹೋಗಬೇಕು. ನನಗೆ ಈ ರುಚಿ ಹತ್ತಿಸಿದಾಕೆ ಇಂಗ್ಲೆಂಡಿನ ಸ್ಯಾಂಡಿ ಡೆನ್ನಿ.

ಆಕೆ ಹುಟ್ಟಿದ್ದು 1947ರ ಜನವರಿ 6ರಂದು, ಲಂಡನ್ನಿನ ಮರ್ಟನ್ ಪಾರ್ಕಿನಲ್ಲಿ. ಸ್ಕಾಟ್ಲೆಂಡಿನ ಅಜ್ಜಿ ಗೇಲಿಕ್ ಭಾಷೆಯ ಹಳೇ ಹಾಡುಗಳನ್ನು ಹಾಡುತ್ತಿದ್ದವರು. ಸ್ಯಾಂಡಿಗೆ ಚಿಕ್ಕಂದಿನಲ್ಲೇ ಪಿಯಾನೊ ಪಾಠವಾಗಿತ್ತು. ಶಾಲೆ ಮುಗಿದ ಮೇಲೆ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಆಮೇಲೆ ಕಿಂಗ್‌ಸ್ಟನ್ನಿನ ಕಲಾಶಾಲೆ. ಆ ಹೊತ್ತಿಗೆ ಲಂಡನ್ನಿನ ತುಂಬ ಜನಪದ ಹಾಡಿನ ಕ್ಲಬ್ಬುಗಳು. ಅರ್ಲ್ಸ್ ಕೋರ್ಟಿನಲ್ಲಿ ಟ್ರೂಬಡೂರ್, ಸೋಹೋದ ಗ್ರೀಕ್ ಸ್ಟ್ರೀಟಿನ ನೆಲಮಾಳಿಗೆಯಲ್ಲಿ ಲೆ ಕಸಿನ್ಸ್. ಅಲ್ಲಿಗೆ ಬರುತ್ತಿದ್ದವರ ವಾದ್ಯ ಗಿಟಾರ್. ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದರೆ ಆಯಿತು. ಸ್ಯಾಂಡಿಯೂ ಗಿಟಾರ್ ಹಿಡಿದಳು. ಪಿಯಾನೊ ಮನೆಯಲ್ಲೇ ಉಳಿಯಿತು.

ಆಕೆಗೆ ಲೋಕಪ್ರಸಿದ್ಧಿ ತಂದ ಹಾಡು ‘ಹೂ ನೋಸ್ ವೇರ್ ದ ಟೈಮ್ ಗೋಸ್’ ಹುಟ್ಟಿದ್ದು ಈ ಗಿಟಾರಿನ ದಿನಗಳಲ್ಲೇ, ಇಪ್ಪತ್ತರ ಆಸುಪಾಸಿನಲ್ಲಿ. ಕಾಲ ಸರಿಯುವುದನ್ನು ಅಷ್ಟು ಸಮಾಧಾನದಿಂದ ನೋಡುವ ಹಾಡು ಅಷ್ಟು ಎಳೆಯ ಹುಡುಗಿಯಿಂದ ಹೇಗೆ ಬಂತೋ! ಅಮೆರಿಕದ ಜೂಡಿ ಕಾಲಿನ್ಸ್ 1968ರಲ್ಲಿ ಅದನ್ನು ಹಾಡಿ, ತಮ್ಮ ಆಲ್ಬಂಗೂ ಅದೇ ಹೆಸರಿಟ್ಟರು.

ಅದೇ ವರ್ಷ ಸ್ಯಾಂಡಿ ಫೇರ್‌ಪೋರ್ಟ್ ಕನ್ವೆನ್ಷನ್ ತಂಡ ಸೇರಿದಳು. ಕ್ಲಬ್ಬುಗಳಲ್ಲಿ ತಾನು ಹಾಡುತ್ತಿದ್ದ ಹಳೇ ಕಡಲ ಹಾಡು ‘ಎ ಸೇಲರ್ಸ್ ಲೈಫ್’ ಅನ್ನು ತಂಡಕ್ಕೆ ತಂದವಳು ಅವಳೇ. ಧ್ವನಿಮುದ್ರಣದಲ್ಲಿ ಅದು ಹನ್ನೊಂದು ನಿಮಿಷ ಬೆಳೆದಿದೆ. ಮೊದಮೊದಲು ತಾಳವೇ ಇಲ್ಲದಂತೆ ತೇಲುವ ದನಿ. ನಂತರ ರಿಚರ್ಡ್ ಥಾಮ್ಸನ್‌ನ ಗಿಟಾರ್, ಡೇವ್ ಸ್ವಾರ್ಬ್ರಿಕ್‌ನ ಪಿಟೀಲು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಇಂಗ್ಲಿಷ್ ಜನಪದ ಹಾಡು ವಿದ್ಯುತ್ ವಾದ್ಯಗಳ ಜೊತೆ ಹೀಗೂ ಬದುಕಬಲ್ಲದು ಎಂದು ತಂಡಕ್ಕೆ ಮನವರಿಕೆಯಾದದ್ದು ಇಲ್ಲೇ. ಅದಿದ್ದ ‘ಅನ್‌ಹಾಫ್‌ಬ್ರಿಕಿಂಗ್’ ಆಲ್ಬಂನ ಮುಖಪುಟದಲ್ಲಿ ತಂಡದ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ. ವಿಂಬಲ್ಡನ್ನಿನ ಮನೆಯ ಮುಂದೆ ಸ್ಯಾಂಡಿಯ ಅಪ್ಪ ಅಮ್ಮ ನಿಂತಿದ್ದಾರೆ. ಹಿಂದೆ, ಕೈತೋಟದ ಬೇಲಿಯ ಸಂದಿಯಲ್ಲಿ, ತಂಡದವರು ಪುಟ್ಟದಾಗಿ ಕಾಣುತ್ತಾರೆ. ಆಲ್ಬಂ ಹೊರಬರುವ ಮುನ್ನ, 1969ರ ಮೇ 12ರಂದು, ತಂಡದ ವ್ಯಾನ್ ಹೆದ್ದಾರಿಯಲ್ಲಿ ಅಪಘಾತಕ್ಕೀಡಾಗಿ ಹತ್ತೊಂಬತ್ತರ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ಸ್ಯಾಂಡಿ ಆ ವ್ಯಾನಿನಲ್ಲಿರಲಿಲ್ಲ. ಉಳಿದವರು ಹ್ಯಾಂಪ್‌ಶೈರಿನ ಹಳ್ಳಿಮನೆಯೊಂದರಲ್ಲಿ ಕೂಡಿ ‘ಲೀಜ್ ಅಂಡ್ ಲೀಫ್’ ಕಟ್ಟಿದರು. ಆ ಆಲ್ಬಂ ಡಿಸೆಂಬರಿನಲ್ಲಿ ಅಂಗಡಿಗೆ ಬರುವಷ್ಟರಲ್ಲಿ ಸ್ಯಾಂಡಿ ತಂಡ ಬಿಟ್ಟಾಗಿತ್ತು. ಅವಳಿಗೆ ಸ್ವಂತ ಹಾಡು ಹಾಡಬೇಕಿತ್ತು.

ನನ್ನ ಪಾಲಿಗೆ ಕಥೆ ಶುರುವಾಗುವುದೇ ಇಲ್ಲಿಂದ. 1970ರಲ್ಲಿ ಆಕೆ ಕಟ್ಟಿದ ಫೋದರಿಂಗೇ ತಂಡದ ಆಲ್ಬಂ ತೆರೆಯುವುದು ‘ನಥಿಂಗ್ ಮೋರ್’ ಹಾಡಿನಿಂದ, ಪಿಯಾನೊ ಮುಂದೆ ಸ್ಯಾಂಡಿ. ಗಿಟಾರ್ ಹಿಡಿದಾಗ ಆಕೆಯ ಸಾಲುಗಳು ಮೀಟಿನ ಓಟಕ್ಕೆ ಸರಿಯಾಗಿ ಮುಂದಕ್ಕೆ ಹರಿಯುತ್ತವೆ. ಪಿಯಾನೊದ ಮುಂದೆ ಕೂತಾಗ ಹಾಗಲ್ಲ. ಎಡಗೈ ಒಂದು ಮಂದ್ರ ಸ್ವರ ಒತ್ತಿ ಸುಮ್ಮನಾಗುತ್ತದೆ. ಆ ಸ್ವರ ಸವೆಯುವ ತನಕ ದನಿಗೆ ಅವಸರವಿಲ್ಲ. ಸಾಲಿನ ಕೊನೆಯಲ್ಲಿ, ಕ್ಲಬ್ಬಿನ ದಿನಗಳಿಂದ ಬಂದ ಸಣ್ಣ ತಿರುವೊಂದನ್ನು ಕೊಟ್ಟು ದನಿ ಇಳಿಯುತ್ತದೆ, ಬಾವಿಗೆ ಕೊಡ ಇಳಿಬಿಟ್ಟಷ್ಟು ನಿಧಾನವಾಗಿ. ಬೆರಳುಗಳಲ್ಲಿ ಯಾವ ಚಮತ್ಕಾರವೂ ಇಲ್ಲ. ಚರ್ಚಿನ ಪ್ರಾರ್ಥನೆಗೆ ನುಡಿಸುವಂಥ ಸಾದಾ ಸ್ವರಗುಚ್ಛಗಳು. ಆದರೆ ಅವನ್ನು ಎಲ್ಲಿ ಬಿಡಬೇಕು ಎಂಬ ಅಂದಾಜು ಹಾಡುವವರೇ ನುಡಿಸಿದಾಗ ಮಾತ್ರ ಬರುವಂಥದ್ದು. ಉಸಿರು ಎಳೆದುಕೊಳ್ಳುವ ಗಂಟಲೂ ಪಿಯಾನೊ ಕೀಲಿಗಳನ್ನು ಒತ್ತುವ ಕೈಯೂ ಒಂದೇ ಮೈಯವು.

ಆ ವರ್ಷ ಅಕ್ಟೋಬರಿನಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫೋದರಿಂಗೇ ಕಛೇರಿಗೆ ಮುಂಚೆ ಹಾಡಿದ್ದು ಎಲ್ಟನ್ ಜಾನ್, ಅವನೂ ಪಿಯಾನೊದವನೇ. ತಂಡ ಹೆಚ್ಚು ದಿನ ಬಾಳಲಿಲ್ಲ. 1971ರ ಆರಂಭದಲ್ಲೇ ಚದುರಿತು. ‘ಮೆಲೊಡಿ ಮೇಕರ್’ ಪತ್ರಿಕೆಯ ಓದುಗರು 1970 ಮತ್ತು 71ರಲ್ಲಿ ಆಕೆಯನ್ನು ಬ್ರಿಟನ್ನಿನ ಅತ್ಯುತ್ತಮ ಗಾಯಕಿಯಾಗಿ ಆರಿಸಿದ್ದು, ಲೆಡ್ ಜೆಪ್ಪೆಲಿನ್ ತಂಡದ ‘ದ ಬ್ಯಾಟಲ್ ಆಫ್ ಎವರ್‌ಮೋರ್’ನಲ್ಲಿ ಹಾಡಿದ್ದು ಎಲ್ಲರೂ ಹೇಳುವ ಮಾತು. ನನಗೆ ಅದಕ್ಕಿಂತ ದೊಡ್ಡದು 1971ರ ಮೊದಲ ಸ್ವಂತ ಆಲ್ಬಂನ ‘ನೆಕ್ಸ್ಟ್ ಟೈಮ್ ಅರೌಂಡ್’. ನರ್ಸ್ ಕೆಲಸ ಬಿಟ್ಟು ಹಾಡನ್ನೇ ನಂಬು ಎಂದು ಧೈರ್ಯ ಹೇಳಿದ್ದ ಹಳೆಯ ಗೆಳೆಯ, ಅಮೆರಿಕದ ಹಾಡುಗಾರ ಜಾಕ್ಸನ್ ಸಿ. ಫ್ರಾಂಕ್‌ನನ್ನು ಒಗಟಿನಲ್ಲಿ ಬಚ್ಚಿಟ್ಟ ಹಾಡು ಅದು. ಒಗಟು ಬಿಡಿಸದಿದ್ದರೂ ಅದರ ದುಗುಡ ಕೇಳುವವರಿಗೆ ತಟ್ಟುತ್ತದೆ. ಮುಂದಿನ ವರ್ಷದ ‘ದ ಲೇಡಿ’ಯದೂ ಅದೇ ಜಾತಿ.

‘ಲೈಕ್ ಆನ್ ಓಲ್ಡ್ ಫ್ಯಾಷನ್ಡ್ ವಾಲ್ಟ್ಜ್’ 1974ರ ಆಲ್ಬಂ. ಅದರ ಕೊನೆಯ ಹಾಡು ‘ನೋ ಎಂಡ್’ ಆರು ನಿಮಿಷ ಮೀರುತ್ತದೆ. ಹಿಮ ಬೀಳುವ ಸುದ್ದಿಯಿಂದ ಶುರುವಾಗಿ, ಕಲೆಯ ಕೈ ಸೋತು ಕೂತವರ ಮಾತಿನತ್ತ ಹೊರಳುವ ಹಾಡು. ಹ್ಯಾರಿ ರಾಬಿನ್ಸನ್ ಹೊಂದಿಸಿದ ಪಿಟೀಲುಗಳ ಮೇಳ ಇಲ್ಲಿ ಪಿಯಾನೊಗೆ ದಾರಿ ಬಿಟ್ಟು ನಡೆಯುತ್ತದೆ. 1977ರ ‘ರಾಂಡೆವೂ’ದಲ್ಲಿ ಆ ಸಂಯಮವಿಲ್ಲ. ‘ಆಲ್ ಅವರ್ ಡೇಸ್’ನಲ್ಲಂತೂ ವಾದ್ಯವೃಂದದ ಅಬ್ಬರದಲ್ಲಿ ಹಾಡುಗಾರ್ತಿಯನ್ನು ಹುಡುಕಬೇಕಾಗುತ್ತದೆ. ಅದೇ ಆಲ್ಬಂನಲ್ಲಿ ಆಕೆ ಎಲ್ಟನ್ ಜಾನ್‌ನ ‘ಕ್ಯಾಂಡಲ್ ಇನ್ ದ ವಿಂಡ್’ ಹಾಡಿದ್ದಾಳೆ. ಅಂದು ಆಲ್ಬರ್ಟ್ ಹಾಲಿನಲ್ಲಿ ಆಕೆಗಿಂತ ಮೊದಲು ಹಾಡಿ ಹೋಗಿದ್ದವನು ಅಷ್ಟರಲ್ಲಿ ಜಗತ್ತಿಗೆಲ್ಲ ಗೊತ್ತಾಗಿದ್ದ; ಆಕೆಯ ಒಂದೇ ಒಂದು ಆಲ್ಬಂ ಕೂಡ ಆ ಎತ್ತರದ ಮಾರಾಟ ಕಾಣಲಿಲ್ಲ. ಇದು ನನಗೆ ಇಂದಿಗೂ ಸಹಿಸಲಾಗದ ಅನ್ಯಾಯ.

1977ರ ಬೇಸಿಗೆಯಲ್ಲಿ ಮಗಳು ಹುಟ್ಟಿದಳು. ನವೆಂಬರ್ 27ರಂದು ಲಂಡನ್ನಿನ ರಾಯಲ್ಟಿ ಥಿಯೇಟರಿನ ಕಛೇರಿಯನ್ನು ಆಕೆ ಮುಗಿಸಿದ್ದು ಇಪ್ಪತ್ತರ ಹರೆಯದ ಆ ‘ಹೂ ನೋಸ್ ವೇರ್ ದ ಟೈಮ್ ಗೋಸ್’ ಹಾಡಿನಿಂದಲೇ. 1978ರ ವಸಂತದಲ್ಲಿ ಮೆಟ್ಟಿಲಿಂದ ಬಿದ್ದಳು. ಕೆಲವು ವಾರಗಳ ನಂತರ ಕುಸಿದು ಪ್ರಜ್ಞೆ ತಪ್ಪಿ, ಏಪ್ರಿಲ್ 21ರಂದು ತೀರಿಕೊಂಡಳು. ವಯಸ್ಸು ಮೂವತ್ತೊಂದು.

2010ರಲ್ಲಿ ಆಕೆಯ ಹಾಡುಗಳೆಲ್ಲ ಹತ್ತೊಂಬತ್ತು ಸಿ.ಡಿ.ಗಳ ಪೆಟ್ಟಿಗೆಯಾಗಿ ಬಂದವು. ಮನೆಯಲ್ಲೇ ಟೇಪಿಗೆ ಹಾಡಿಟ್ಟ ಕಚ್ಚಾ ಪ್ರತಿಗಳೂ ಅದರಲ್ಲಿವೆ: ಪಿಟೀಲು ಮೇಳವಿಲ್ಲ, ಡ್ರಮ್ಮಿಲ್ಲ. ಸ್ಯಾಂಡಿಯನ್ನು ಹೊಸದಾಗಿ ಕೇಳುವವರಿಗೆ ಎಲ್ಲರೂ ‘ಲೀಜ್ ಅಂಡ್ ಲೀಫ್’ ಕೊಡುತ್ತಾರೆ. ನಾನಾದರೆ ‘ನಥಿಂಗ್ ಮೋರ್’ ಕೊಡುತ್ತೇನೆ, ಅದು ಹಿಡಿಸಿದವರಿಗೆ ‘ನೋ ಎಂಡ್’, ಅಲ್ಲಿಂದ ಮುಂದೆ ಈ ಮನೆಯ ಟೇಪುಗಳು. ಇಯರ್‌ಫೋನ್ ಹಾಕಿಕೊಂಡು, ದನಿಯನ್ನು ಅದರ ಪಾಡಿಗೆ ಬಿಟ್ಟು, ಮೊದಲು ಎಡಗೈ ಹಿಂದೆ ಹೋಗಿ.