ಎಂತ ತರ್ಲಿ, ಅಕ್ಕೋರೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳತಾದದ್ದು ಅಷ್ಟು ಸುಲಭಕ್ಕೆ ಕಸವಾಗುವುದಿಲ್ಲ. ಅಡಿಕೆ ಹಾಳೆ ಟೊಪ್ಪಿಯಾಗುತ್ತದೆ, ಹಿಂಡಿ ಚೀಲ ಮಳೆಗೆ ಕೊಪ್ಪೆಯಾಗುತ್ತದೆ, ಹರಿದ ಸೀರೆ ಕೂಸಿನ ಹಾಸಿಗೆಯಾಗಿ ಆಮೇಲೆ ಮಸಿಬಟ್ಟೆಯಾಗುತ್ತದೆ. ಈ ಸರದಿಗೆ ಸೇರದೆ ಉಳಿದದ್ದು ಕೊಳೆರೋಗ ತಡೆಯಲು ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ. ಹಿಂದೆ ಕೊಟ್ಟೆಯನ್ನು ಕರಡದ ಹುಲ್ಲಿನಿಂದ ಮಾಡುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಅದು ತೋಟಕ್ಕೇ ಗೊಬ್ಬರ. ಪ್ಲಾಸ್ಟಿಕ್ಕಿನದು ಮರದ ಬುಡದಲ್ಲಿ ಹಾಗೇ ಬಿದ್ದಿರುತ್ತದೆ.

ನನ್ನ ಪಿಎಚ್‌ಡಿ ಹಳ್ಳಿ ಗ್ರಂಥಾಲಯಗಳ ಓದುಗರ ಕುರಿತಾದದ್ದು. 2019ರಲ್ಲಿ ಪಂಚಾಯತ್ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. ಯಲ್ಲಾಪುರ ತಾಲೂಕಿನ ಅಂಥದೊಂದು ಕೇಂದ್ರದಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತ ಕೂತಾಗ ಕಂಡದ್ದಿಷ್ಟು: ಸಣ್ಣ ಮಕ್ಕಳು ಬರುತ್ತಾರೆ, ನೌಕರಿ ಪರೀಕ್ಷೆಗೆ ಓದುವವರು ಬರುತ್ತಾರೆ, ಹೈಸ್ಕೂಲಿನವರು ಮಾತ್ರ ಇಲ್ಲ. ಅವರನ್ನು ಒಳಗೆ ಕರೆಯಲು ಮೇಲ್ವಿಚಾರಕಿಯೂ ನಾನೂ ಸೇರಿ ಶನಿವಾರ ಮಧ್ಯಾಹ್ನ ಕರಕುಶಲ ತರಗತಿ ಶುರು ಮಾಡಿದೆವು. ಬಿಸಿಲು ತಿಂದ ಕೊಟ್ಟೆ ಕತ್ತರಿ ತಾಗಿದರೆ ಪುಡಿಯಾಗುತ್ತಿತ್ತು. ಗಟ್ಟಿಯಿದ್ದವನ್ನು ಆರಿಸಿ, ತೊಳೆದು, ಪಟ್ಟಿ ಕತ್ತರಿಸಿ, ಜಡೆ ಹೆಣೆದಂತೆ ಹೆಣೆದು ಪುಸ್ತಕದ ಚೀಲ ಮಾಡಿದೆವು. ಹದಿನಾಲ್ಕು ಮಕ್ಕಳಾದರು.

ಮುಂದಿನ ವಾರ ಮನೆಯಲ್ಲಿ ಬಿಸಾಡುವಂಥದ್ದು ಏನಿದೆಯೋ ತನ್ನಿ ಎಂದಿದ್ದೆವು. ಒಂಬತ್ತನೇ ಕ್ಲಾಸಿನ ಸಿದ್ದಿ ಹುಡುಗಿಯೊಬ್ಬಳು ಬರಿಗೈಯಲ್ಲಿ ಬಂದು ನಿಂತಳು.

‘ನಮ್ಮನೇಲಿ ಬಿಸಾಡೂದು ಎಂತದೂ ಇಲ್ಲ. ಎಂತ ತರ್ಲಿ, ಅಕ್ಕೋರೇ?’

ದೂರುವ ದನಿಯಲ್ಲ, ಇದ್ದದ್ದನ್ನು ಹೇಳಿದ್ದಳು ಅಷ್ಟೆ. ಮರುಬಳಕೆಗೆ ಮೊದಲು ಮನೆಯಲ್ಲಿ ಏನಾದರೂ ಮಿಗಬೇಕಲ್ಲ. ಮೇಜಿನ ಮೇಲೆ ತೋಟದ ಮನೆಗಳಿಂದ ಬಂದ ಪಾರ್ಸೆಲ್ ಡಬ್ಬ, ಮದುವೆ ಕಾಗದ, ಬಣ್ಣದ ಬಾಟಲಿಗಳು ರಾಶಿ ಬಿದ್ದಿದ್ದವು. ಅದೇ ತೋಟಗಳಿಗೆ ಕೂಲಿಗೆ ಹೋಗುವವರ ಮನೆಯಿಂದ ಏನೂ ಬಂದಿರಲಿಲ್ಲ. ಬಟ್ಟೆ ಹರಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. ‘ಅಜ್ಜಿ ಕೌದಿ ಹೊಲೀತದೆ’ ಎಂದಳು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರ ಹೆಂಗಸರು ಹೊಲಿಯುವ ಕೌದಿಗೆ ಅದರದೇ ಕ್ರಮವಿದೆ. ದಿನದ ಕೂಲಿ ಗೊತ್ತು ಮಾಡಿ, ನನ್ನ ಫೆಲೋಶಿಪ್ಪಿನಿಂದ ಕೊಡುವುದೆಂದು ತೀರ್ಮಾನಿಸಿ ಅಜ್ಜಿಯನ್ನು ಕರೆದೆವು. ಮಕ್ಕಳೆಲ್ಲ ಒಂದೊಂದು ಹಳೇ ಬಟ್ಟೆ ತಂದರು. ಅಜ್ಜಿ ನೆಲಕ್ಕೆ ಸೀರೆ ಹಾಸಿ ಮೂಲೆಯಿಂದ ಶುರು ಮಾಡಿದರು. ಅಂಚು ಮಡಚಿ, ತುಂಡಿಗೆ ತುಂಡು ಕೂಡಿಸಿ, ಸಣ್ಣ ಹೊಲಿಗೆ ಹಾಕುತ್ತ, ಸುತ್ತು ಬರುತ್ತ ನಡುವಿಗೆ ಸೇರಬೇಕು. ಚೌಕಟ್ಟಿಲ್ಲ, ಅಳತೆ ಟೇಪಿಲ್ಲ. ನಾಲ್ಕು ಮೂಲೆಗೂ ಮುಕ್ಕೋನವಾಗಿ ಮಡಚಿದ ಬಣ್ಣದ ತುಂಡು ಬರಬೇಕು. ಅದಕ್ಕೆ ‘ಫೂಲ’, ಅಂದರೆ ಹೂವು, ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಬತ್ತಲೆಯಂತೆ.

ತೋಟದ ಮನೆಯ ಹುಡುಗನೊಬ್ಬ ಅಜ್ಜಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ. ‘ಅಜ್ಜೀ, ಇದು ಸರಿ ಇದ್ಯಾ?’ ಎಂದು ಪ್ರತಿ ಸುತ್ತಿಗೂ ಕೇಳುತ್ತಿದ್ದ. ಅಜ್ಜಿ ಅವನ ಹೊಲಿಗೆಯನ್ನು ಎರಡು ಸಲ ಬಿಚ್ಚಿಸಿದರು. ನನಗೆ ಖುಷಿಯಾಗಿ ಹುಡುಗಿಗೆ ಅದನ್ನೇ ಹೇಳಿದೆ. ಅವಳು ತಲೆಯೆತ್ತದೆ, ‘ಅವರ ಮನೇಲಿ ಅಜ್ಜಿ ಅಂಗಳದಲ್ಲೇ ಕೂರೂದು ಅಕ್ಕೋರೇ’ ಎಂದಳು. ಅಂಗಳದಾಚೆಯ ಮೆಟ್ಟಿಲನ್ನು ಒಂದು ಕೌದಿ ದಾಟಿಸುವುದಿಲ್ಲ ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಶನಿವಾರ, 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಸೆಂಟರಿನಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆದದ್ದನ್ನು ಹೇಳಿದೆ. ಅದು ಆ ನಗರದ ಸಾರ್ವಜನಿಕ ಗ್ರಂಥಾಲಯದ್ದೇ ಒಂದು ಭಾಗ. ‘ಗ್ರಂಥಾಲಯದಲ್ಲೇ?’ ಎಂದು ಹುಡುಗಿ ಎರಡು ಸಲ ಕೇಳಿದಳು. ಅಜ್ಜಿಯ ಚಿಂತೆ ಬೇರೆ: ‘ಗೋಡೆಗೆ ನೇತುಹಾಕಿರೆ ಹೊದೆಯೂದು ಯಾರು?’

ಹಾಗಾಗಿ ನಮ್ಮದನ್ನು ಗೋಡೆಗೆ ಹಾಕಲಿಲ್ಲ. 11 ಶನಿವಾರಗಳ ನಂತರ ಅದು ಸಣ್ಣ ಮಕ್ಕಳು ಓದುವ ಮೂಲೆಯಲ್ಲಿ ಹಾಸಿಗೆಯಾಯಿತು. ಮಳೆ ಹಿಡಿದ ಮೇಲೆ ಅದರ ಮೇಲೆ ಜಾಗಕ್ಕಾಗಿ ಜಗಳ.

ಕೇಂದ್ರಕ್ಕೆ ಬಂದ ಸಾಮಾನು ದಾಸ್ತಾನು ವಹಿಗೆ ಏರಬೇಕು. ಮೇಲ್ವಿಚಾರಕಿ ಪೆನ್ನನ್ನು ಹುಡುಗಿಯ ಕೈಗೆ ಕೊಟ್ಟರು. ‘ಕೌದಿ, ಒಂದು’ ಎಂದು ಬರೆದಳು. ‘ಮಾಡಿದವರು’ ಎಂಬ ಕಾಲಮ್ಮು ಇರಲಿಲ್ಲ. ಗೆರೆ ಎಳೆದು ಹೊಸದು ಮಾಡಿ ಅಜ್ಜಿಯ ಪೂರ್ತಿ ಹೆಸರು ಬರೆದಳು. ಬೆಲೆ ಎಂದಿದ್ದಲ್ಲಿ ‘ದೇಣಿಗೆ’ ಅಂತ ಹಾಕು ಎಂದರು ಮೇಲ್ವಿಚಾರಕಿ. ಅವಳು ಬೆರಳು ಮಡಚಿ ಲೆಕ್ಕ ಮಾಡಿ 11 ದಿನದ ಕೂಲಿ ಬರೆದಳು.

‘ಬಟ್ಟೆ ಎಲ್ಲರದ್ದು, ಅದಕ್ಕೆ ದುಡ್ಡು ಹಾಕೂದಿಲ್ಲ’ ಎಂದಳು.