ಕೆರೆ ತುಂಬ ಜಿಲೇಬಿ

ಮದ್ದೂರು ಕಡೆಯ ಕೆರೆಯೊಂದರಲ್ಲಿ ಬಲೆ ಎಳೆಯೋದನ್ನ ನೋಡೋಕೆ ಬೆಳಗ್ಗೆ ಆರಕ್ಕೇ ಏರಿ ಮೇಲೆ ನಿಂತಿದ್ದೆ. ಬಿಟ್ಟಿದ್ದು ಕಾಟ್ಲಾ, ರೋಹು ಮರಿ. ಬಂದಿದ್ದು ರಾಶಿ ರಾಶಿ ಅಂಗೈಯಗಲದ ಜಿಲೇಬಿ ಮೀನು! 'ಗುತ್ತಿಗೆ ದುಡ್ಡೂ ಹುಟ್ಟಲ್ಲ ಸಾರ್' ಅಂದರು ಕೆರೆ ಹಿಡಿದಿದ್ದ ಅಣ್ಣ.

ಜಿಲೇಬಿ ಅಂದರೆ 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ತಿಲಾಪಿಯಾ. ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟು ಕಾಯುತ್ತೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತೆ. ಸಂಖ್ಯೆ ಹೆಚ್ಚಿದಂತೆ ಮೇವು ಸಾಲದೆ ಮೈ ಬೆಳೆಯಲ್ಲ. ಆದರೂ ಆ ಪುಟ್ಟ ಮೈಯಲ್ಲೇ ಮತ್ತೆ ಮೊಟ್ಟೆ. (ಹುರಿದರೆ ರುಚಿಗೇನೂ ಕಮ್ಮಿಯಿಲ್ಲ, ಅದು ಬೇರೆ ಮಾತು.)

ಸಣ್ಣದು ಅಂತ ಅಣ್ಣ ಒಂದನ್ನೂ ವಾಪಸ್ ಬಿಡಲಿಲ್ಲ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಇನ್ನಷ್ಟು ಹಿಡೀತಾರಂತೆ. ಜಿಲೇಬಿ ಮರಿ ತಿನ್ನೋಕೆ ಕೊರಮೀನನ್ನೂ ಬಿಡ್ತಾರಂತೆ, ಕಾಟ್ಲಾ ಅದರ ಬಾಯಿಗೆ ಸಿಗದಷ್ಟು ಬೆಳೆದ ಮೇಲೆ.