ಬೊಂಬೆಗಳ ಊರು ಚನ್ನಪಟ್ಟಣ

ವಿಜಯನಗರ, ರಾಜಾಜಿನಗರಗಳ ಕಡೆ ವಾಸಿಸುವ ಸಂಸಾರಿಗಳಿಗೆ ಒಂದು ದಿನದ ಪ್ರವಾಸಕ್ಕೆ ಚನ್ನಪಟ್ಟಣವು ಬಹಳ ಅನುಕೂಲವಾದ ಊರು. 2021ರಿಂದ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟಿರುವುದು. ನಾವು ಅಲ್ಲಿ ಇಳಿದು ಹಳೆಯ ಮೈಸೂರು ರಸ್ತೆಯ ಬಸ್ಸನ್ನು ಹತ್ತಿದೆವು. ಬಿಡದಿಯ ತಟ್ಟೆ ಇಡ್ಲಿ, ರಾಮನಗರದ ಬಂಡೆಬೆಟ್ಟಗಳು ವಾಚಕರಿಗೆ ತಿಳಿದವೇ ಆದುದರಿಂದ ಅವುಗಳ ವರ್ಣನೆಗೆ ನಿಲ್ಲುವುದಿಲ್ಲ.

ಹಳೆಯ ರಸ್ತೆಯನ್ನೇ ಹಿಡಿದುದಕ್ಕೆ ಕಾರಣವುಂಟು. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಈ ಊರನ್ನು ಬದಿಗಿಟ್ಟು ಸಾಗಿರುವುದು. ಅದಕ್ಕೆ ಮೊದಲು ಮೈಸೂರಿಗೆ ಹೋಗಿಬರುವವರು ಊರ ನಡುವೆಯೇ ಹಾಯಬೇಕಾಗಿತ್ತು; ಮಕ್ಕಳ ಹಟಕ್ಕಾದರೂ ಬೊಂಬೆಯಂಗಡಿಯ ಮುಂದೆ ಗಾಡಿಯನ್ನು ನಿಲ್ಲಿಸುತ್ತಿದ್ದರು. ಈಗ ಅಂಗಡಿಗಳ ಮುಂದೆ ಆ ಸಂದಣಿಯಿಲ್ಲ. ಉದ್ದೇಶಪಟ್ಟು ಬರುವವರನ್ನೇ ವರ್ತಕರು ನೆಚ್ಚಿಕೊಂಡಿರುವರು.

ಈ ಊರು ಕಸಬು ಕಳೆದುಕೊಳ್ಳುವುದು ಹೊಸತಲ್ಲ. ಸುಮಾರು 1580ರಲ್ಲಿ ಜಗದೇವರಾಯನು ಇಲ್ಲಿ ಕೋಟೆ ಕಟ್ಟಿಸಿದನು. 1800ರಲ್ಲಿ ಈ ಮಾರ್ಗವಾಗಿ ಬಂದ ಬುಕನನ್ ಎಂಬ ಪ್ರವಾಸಿಯು ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನೂ ಬಿಳಿಯ ಸಕ್ಕರೆಯನ್ನೂ ಇಲ್ಲಿ ಕಂಡು ಬರೆದಿರುವನು. ಇಂದು ಚನ್ನಪಟ್ಟಣವೆಂದರೆ ಅವುಗಳ ನೆನಪು ಯಾರಿಗೂ ಬಾರದು. ಉಳಿದಿರುವುದು ಬೊಂಬೆ. ಟಿಪ್ಪು ಸುಲ್ತಾನನು ಪಾರಸಿ ದೇಶದ ಕುಶಲಿಗಳನ್ನು ಕರೆಯಿಸಿ ಈ ವಿದ್ಯೆಯನ್ನು ನೆಲೆಗೊಳಿಸಿದನೆಂದು ಪ್ರತೀತಿಯಿದೆ.

ಕೆಲಸ ನಡೆಯುವ ಮನೆಯೊಂದರಲ್ಲಿ ನಾವು ಬಹಳ ಹೊತ್ತು ಕುಳಿತಿದ್ದೆವು. ಮೆದುವಾದ ಹಾಲೆಮರವನ್ನು ಚೆನ್ನಾಗಿ ಒಣಗಿಸಿ, ತುಂಡು ಮಾಡಿ, ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆಯುವರು. ಸಿಪ್ಪೆಯು ಸುರುಳಿ ಸುರುಳಿಯಾಗಿ ಉದುರುತ್ತಿರಲು, ನೋಡನೋಡುತ್ತಿದ್ದಂತೆಯೇ ಬುಗುರಿಯ ಆಕಾರ ಮೂಡುವುದು. ಬಣ್ಣ ಹಾಕುವುದಕ್ಕೆ ಕುಂಚವಿಲ್ಲ! ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದೊಡನೆ ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಅಂಟಿಕೊಳ್ಳುವುದು. ಬಳಿಕ ಕೇದಗೆ ಜಾತಿಯ ಒಣಗರಿಯನ್ನು ಹಿಡಿದರೆ ಕನ್ನಡಿಯಂತಹ ಹೊಳಪು. ಕೊಳ್ಳುವ ಗೃಹಿಣಿಯರು ಕುಂಚದ ಗುರುತಿದೆಯೇ ಎಂದು ನೋಡಿಕೊಳ್ಳಲಿ. ಇದ್ದರೆ ಅದು ಅರಗಿನ ಕೆಲಸವಲ್ಲ. 2005-06ನೆಯ ಸಾಲಿನಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ದೊರೆತರೂ ಅಗ್ಗದ ಪ್ಲಾಸ್ಟಿಕ್ಕಿನ ಪೈಪೋಟಿ ತಪ್ಪಿಲ್ಲ.

ಕಡೆಯುವವರಲ್ಲಿ ಮುಸಲ್ಮಾನ ಮನೆತನಗಳು ಅನೇಕ. ನಮ್ಮ ನವರಾತ್ರಿಯ ಬೊಂಬೆಹಬ್ಬದ ಮೆಟ್ಟಿಲುಗಳ ಮೇಲೆ ಕೂರುವ ಎಷ್ಟೋ ಬೊಂಬೆಗಳು ಅವರ ಕೈಯವು. ಹಬ್ಬ ಹತ್ತಿರವಾದಂತೆ ಬೀದಿಗೆ ಮತ್ತೆ ಕಳೆ ಬರುವುದು.

ಮಧ್ಯಾಹ್ನ ಅಲ್ಲಿಂದ ಮೈಸೂರಿನ ದಿಕ್ಕಿಗೆ ಸುಮಾರು 3 ಕಿಲೋಮೀಟರ್ ದೂರದ ದೊಡ್ಡಮಳೂರಿಗೆ ಹೋದೆವು. ಅಪ್ರಮೇಯಸ್ವಾಮಿಯ ದೇವಾಲಯದಲ್ಲಿ ಅಂಬೆಗಾಲಿಡುವ ನವನೀತಕೃಷ್ಣನ ಸನ್ನಿಧಿಯಿದೆ. ಮಕ್ಕಳಿಲ್ಲದವರು ಹರಕೆ ಹೊತ್ತು, ಮಗುವಾದ ಮೇಲೆ ತೊಟ್ಟಿಲನ್ನು ಒಪ್ಪಿಸುವರು. ಅಂಗೈಯಗಲದ ತೊಟ್ಟಿಲುಗಳನ್ನು ನಮ್ಮ ಜೊತೆಯ ಹೆಂಗಸರು ಮಾತಿಲ್ಲದೆ ನೋಡುತ್ತ ನಿಂತರು. ಹಿಂದಿರುಗುವ ಬಸ್ಸಿಗೆ ಇನ್ನೂ ವೇಳೆಯಿದ್ದುದರಿಂದ ಮತ್ತೆ ಬೊಂಬೆಬೀದಿಗೆ ಬಂದು, ನೆರೆಮನೆಯ ಮಕ್ಕಳಿಗೆಂದು ನಾಲ್ಕು ಬುಗುರಿಗಳನ್ನೂ ಒಂದು ಕಿಲುಕಿಲಿಯನ್ನೂ ಕೊಂಡೆವು.